ಮಾರ್ತವ್ವ ಒಪ್ಪದ ಚೀಟಿ

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಆಶ್ರಮ ಅಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಮಣ್ಣಿನ ಮಾಳಿಗೆಯ ನಾಲ್ಕು ಕೋಣೆ, ಒಂದು ಬೇವಿನ ಮರ, ಗೋಡೆಯಿಲ್ಲದ ಒಂದು ಪ್ರಾರ್ಥನೆಯ ಚಪ್ಪರ. ಚಪ್ಪರದ ನಡುಗಂಬಕ್ಕೆ ಕಟ್ಟಿಗೆಯ ಶಿಲುಬೆ.

ಗುರುವಿನ ಹೆಸರು ಸೀಲಾಸಪ್ಪ. ಆ ಹೆಸರು ರೇಶನ್ ಕಾರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಉಪಯೋಗಕ್ಕೆ ಬಂದದ್ದಿಲ್ಲ. ಊರವರೆಲ್ಲ ಅಜ್ಜಾರು ಅನ್ನುತ್ತಿದ್ದರು. ನಾವೂ ಹಾಗೇ ಅನ್ನೋಣ.

ಅಜ್ಜಾರು ಹರೆಯದಲ್ಲಿ ಮಂಗಳೂರಿಗೆ ಹೋಗಿ ಗ್ರೀಕು ಭಾಷೆ ಕಲಿತು ಬಂದವರು. ಶಾಸ್ತ್ರದಲ್ಲಿ ಬರುವ ಗ್ರೀಕು ಮಾತುಗಳಿಗೆ ನಮ್ಮ ಕಡೆಯ ಜನ ಆಡುವ ಕನ್ನಡದಲ್ಲಿ ಅರ್ಥ ಬರೆಯುತ್ತಿದ್ದರು. ಒಂದು ಮಾತಿಗೆ ಒಂದು ಚೀಟಿ. ಇಪ್ಪತ್ತೆರಡು ವರ್ಷದಲ್ಲಿ ನೂರಾ ಎಂಬತ್ತು ಚೀಟಿ ಆಗಿದ್ದವು.

ಯಾಕಿಷ್ಟು ತಡ ಅಂದರೆ, ಮಾರ್ತವ್ವ.

ಮಾರ್ತವ್ವ ಆಶ್ರಮದ ಅಡಿಗೆಯಾಕೆ. ಓದು ಬರಹ ಬರುತ್ತಿರಲಿಲ್ಲ. ಅಜ್ಜಾರು ಹಾಕಿದ ಕಟ್ಟಳೆ ಏನೆಂದರೆ, ಪ್ರತಿ ಚೀಟಿಯನ್ನೂ ಆಕೆ ರೊಟ್ಟಿ ಬಡಿಯುವಾಗ ಓದಿ ಹೇಳಬೇಕು. ಆಕೆಯ ಕೈ ನಿಲ್ಲದೆ ಬಡಿಯುತ್ತಲೇ ಇದ್ದರೆ ಅರ್ಥ ಸರಿಯಾಗಿದೆ, ಚೀಟಿ ಪೆಟ್ಟಿಗೆಗೆ ಹೋಗುತ್ತದೆ. ಕೈ ನಿಲ್ಲಿಸಿ "ಹಂಗಂದ್ರ?" ಅಂದಳೋ, ಚೀಟಿ ವಾಪಸ್ಸು.

ಕೃಪೆಯ ಚೀಟಿ ಹೀಗೆ ಏಳು ಸಲ ವಾಪಸ್ಸು ಬಂದಿತ್ತು. ಎಂಟನೆಯ ಸಲ ಅಜ್ಜಾರು "ಕೇಳೂದಕ್ಕಿಂತ ಮೊದಲ ಬಡಿಸಿದ್ದು" ಅಂತ ಬರೆದರು. ಆಕೆ ತಲೆ ಎತ್ತಲಿಲ್ಲ. ರೊಟ್ಟಿ ಹಂಚಿಗೆ ಬಿತ್ತು. ಚೀಟಿ ಪೆಟ್ಟಿಗೆಗೆ ಹೋಯಿತು.

ಈ ಕಥೆಯನ್ನು ನಾನು ಕೇಳಿದ್ದು ಮಾರ್ತವ್ವನ ಬಾಯಿಂದಲೇ. ಸುಳ್ಳು ಹೇಳುವ ಹೆಂಗಸಲ್ಲ. ಕಥೆಯ ನಡುವೆ ಒಂದು ರೊಟ್ಟಿ ಸುಟ್ಟುಹೋಗುತ್ತದೆ, ಅದನ್ನು ಮಾತ್ರ ಆಕೆ ಇವತ್ತಿಗೂ ಒಪ್ಪುವುದಿಲ್ಲ.

ಅಜ್ಜಾರಿಗೆ ಒಬ್ಬ ಶಿಷ್ಯನಿದ್ದ. ನಾತಾನೇಲ. ವಯಸ್ಸು ಮೂವತ್ತನಾಲ್ಕು. ಬೆಟಗೇರಿಯ ನೇಕಾರರ ಮನೆಯವನು, ಒಂದು ಕಾಲದಲ್ಲಿ ಹೆಸರುವಾಸಿ ಪೈಲ್ವಾನ. ಈಗ ಬಲಗಾಲು ಎಳೆದುಕೊಂಡು ನಡೆಯುತ್ತಿದ್ದ.

ಆಶ್ರಮಕ್ಕೆ ಲಕ್ವ ಹೊಡೆದವರು ಬರುತ್ತಿದ್ದರು. ದವಾಖಾನೆಯವರು ಇನ್ನು ಮನೆಗೆ ಹೋಗಿ, ದಿನಾ ಕೈಕಾಲು ತಿಕ್ಕಿಸಿಕೊಳ್ಳಿ, ಆಡಿಸಿ, ಅಂತ ಬಿಟ್ಟುಕೊಟ್ಟ ಮೇಲೆ ಇಲ್ಲಿ ನಲವತ್ತು ದಿನ ಇರುತ್ತಿದ್ದರು. ಔಡಲ ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿ ನೀರು ಹಾಕುವುದು, ಹೆಗಲು ಕೊಟ್ಟು ನಡೆಸುವುದು ನಾತಾನೇಲನ ಕೆಲಸ. ಗರಡಿಯಲ್ಲಿ ಕಲಿತ ಕೈ. ಆ ಕೈ ಬಿದ್ದರೆ ಸತ್ತ ಬೆರಳೂ ಏಳುತ್ತದೆ ಅಂತ ಜನ ಅನ್ನುತ್ತಿದ್ದರು, ಜನ ಸ್ವಲ್ಪ ಹೆಚ್ಚೇ ಅನ್ನುತ್ತಾರೆ.

ಒಂದು ದಿನ ಅಜ್ಜಾರು ಅವನಿಗೆ ಖಾಲಿ ಚೀಟಿ ಕೊಟ್ಟು, ಇನ್ನು ಮುಂದಿನ ಮಾತು ನೀನೇ ಬರಿ ಅಂದರು.

ಮಾತು ನಿಕಾವೊ. ಗೆಲ್ಲು ಅಂತ ಅರ್ಥ. ಶಾಸ್ತ್ರದಲ್ಲಿ ಮತ್ತೆ ಮತ್ತೆ ಬರುತ್ತದೆ. ನಾತಾನೇಲನಿಗೆ ಸಂತೋಷವಾಯಿತು. ಗೆಲ್ಲುವುದು ಅಂದರೇನು ಅಂತ ಪೈಲ್ವಾನನಿಗೆ ಯಾರಾದರೂ ಹೇಳಿಕೊಡಬೇಕೇ?

ಕಾಲು ಗಂಟೆಯಲ್ಲಿ ಬರೆದ. ಅಡಿಗೆ ಮನೆಗೆ ಹೋಗಿ ಓದಿದ. ಗೆಲ್ಲು ಅಂದರೆ ಎದುರಿಗಿದ್ದವನ ಬೆನ್ನು ಮಣ್ಣಿಗೆ ಹಚ್ಚುವುದು, ಚಿತ್ ಮಾಡುವುದು.

ಮಾರ್ತವ್ವನ ಕೈ ನಿಂತಿತು. ಆದರೆ ಯಾವಾಗಿನಂತೆ ಹಂಗಂದ್ರ ಅನ್ನಲಿಲ್ಲ. ಶಿಲುಬೆಗೆ ಏರಿಸಿದ ಶುಕ್ರವಾರ ಯೇಸುಸ್ವಾಮಿ ಯಾರನ್ನು ಚಿತ್ ಮಾಡಿದ ಅಂತ ಕೇಳಿದಳು. ಕಟ್ಟಿಗೆಗೆ ಬೆನ್ನು ಹಚ್ಚಿದ್ದು ಆತಂದೇ ಅಲ್ಲವೇ ಅಂದಳು.

ನಾತಾನೇಲ ಚೀಟಿ ಮಡಚಿಕೊಂಡು ಬೇವಿನ ಮರದ ಕೆಳಗೆ ಬಂದ. ಅಜ್ಜಾರು ಹರಿದ ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದರು.

"ಅಜ್ಜಾರ, ಕಡೀ ಊಟದ ಪಂಕ್ತಿಯೊಳಗ ಕುಂತು ಸ್ವಾಮಿ ಶಿಷ್ಯರಿಗೆ ಏನ ಹೇಳ್ತಾನ? ಹೆದರಬ್ಯಾಡ್ರಿ, ಲೋಕಾನ ನಾ ಗೆದ್ದು ಆತು ಅಂತಾನ. ಮರುದಿನ ಹಿಡಕೊಂಡು ಹೋಗಿ ಕೊಂದರು. ನಾಳೆ ಸಾಯಾಂವ ಇವತ್ತ ಗೆದ್ದೆ ಅಂದ್ರ ಅದು ಯಾವ ಗೆಲುವ್ರಿ?"

ಅಜ್ಜಾರು ಬಾಯಲ್ಲಿದ್ದ ಮೊಳೆ ತೆಗೆದರು.

"ಗೊತ್ತಿದ್ದರ ಚೀಟಿ ನಾನ ಬರೀತಿದ್ದೆ" ಅಂದರು. ಮತ್ತೆ ಮೊಳೆ ಬಾಯಿಗೆ ಇಟ್ಟುಕೊಂಡರು.

ನಾಲ್ಕು ದಿನ ಕಳೆದ ಮೇಲೆ ಒಂದು ಟಂಟಂ ಗಾಡಿ ಬಂದು ಆಶ್ರಮದ ಮುಂದೆ ನಿಂತಿತು. ಒಬ್ಬ ಹೆಣ್ಣುಮಗಳು ಇಳಿದಳು. ಆಮೇಲೆ ಆಕೆಯೂ ಡ್ರೈವರನೂ ಸೇರಿ ಒಬ್ಬ ಭಾರಿ ಆಳನ್ನು ಇಳಿಸಿದರು. ಎಡಗೈ ಎಡಗಾಲು ಬಿದ್ದುಹೋಗಿದ್ದವು. ಬಾಯಿ ಸ್ವಲ್ಪ ಒಂದು ಕಡೆ ಎಳೆದಿತ್ತು, ಮಾತು ಮಾತ್ರ ಸ್ಪಷ್ಟವಿತ್ತು.

ನಾತಾನೇಲ ಬಿಸಿನೀರಿನ ಕೊಡ ಹೊತ್ತು ಬರುತ್ತಿದ್ದ. ನೋಡಿದ. ಕೊಡ ಕೆಳಗಿಟ್ಟ.

ಬಂದವನು ಭರಮಪ್ಪ ವಸ್ತಾದ. ವಸ್ತಾದ ಅಂದರೆ ಗರಡಿಯಲ್ಲಿ ಕುಸ್ತಿ ಕಲಿಸುವವನು. ಇಬ್ಬರೂ ಒಂದೇ ಗರಡಿಯ ಮಣ್ಣಿನಲ್ಲಿ ಬೆಳೆದವರು. ಭರಮಪ್ಪ ಹತ್ತು ವರ್ಷ ದೊಡ್ಡವನು. ನಾತಾನೇಲ ಅವನನ್ನು ಅಣ್ಣಾ ಅನ್ನುತ್ತಿದ್ದ, ಅವನ ಹತ್ತಿರವೇ ಮೊದಲ ಪಟ್ಟು ಕಲಿತಿದ್ದ.

ಒಂಬತ್ತು ವರ್ಷದ ಹಿಂದೆ ಜಿಲ್ಲಾ ಪಂದ್ಯದ ಕೊನೆಯ ಕುಸ್ತಿ ಅವರಿಬ್ಬರಿಗೇ ಬಿತ್ತು. ನಾತಾನೇಲ ಗೆಲ್ಲುವುದರಲ್ಲಿದ್ದ. ಭರಮಪ್ಪ ಎಡಗೈಯಿಂದ ಅವನ ಬಲಗಾಲು ಸುತ್ತಿ ಹಿಡಿದ. ಹಿಡಿತ ತಪ್ಪಾಗಿತ್ತು, ಪಂಚರು ಬಿಡು ಅಂತ ಸೀಟಿ ಊದಿದರು. ಭರಮಪ್ಪ ಬಿಡಲಿಲ್ಲ. ಮೊಣಕಾಲು ಮುರಿದದ್ದು ಸೀಟಿಯ ನಂತರ.

ಗದ್ದಲದಲ್ಲಿ ಸೀಟಿ ಕೇಳಿಸಲಿಲ್ಲ ಅಂತ ಭರಮಪ್ಪ ಎಲ್ಲರ ಮುಂದೆ ಹೇಳಿದ. ನಂಬಿದರು. ಗೆದ್ದವನಿಗೆ ಕೊಡುವ ಬೆಳ್ಳಿ ಗದೆ ಅವನ ಮನೆಗೆ ಹೋಯಿತು. ನಾತಾನೇಲ ಮಂಚ ಹಿಡಿದ, ಮತ್ತೆ ಕಣಕ್ಕೆ ಇಳಿಯಲಿಲ್ಲ.

ಈಗ ಬಿದ್ದುಹೋಗಿದ್ದದ್ದು ಅದೇ ಎಡಗೈ.

ನಾತಾನೇಲ ನೇರವಾಗಿ ಅಜ್ಜಾರ ಹತ್ತಿರ ಹೋದ. ಎಲ್ಲ ಹೇಳಿದ. ಈ ಒಬ್ಬನ ಮೈ ತನ್ನಿಂದ ತಿಕ್ಕಲಾಗುವುದಿಲ್ಲ ಅಂದ.

ಅಜ್ಜಾರು ಆಗಲಿ ಬಿಡು ಅಂದರು. ತಾವೇ ತಿಕ್ಕುತ್ತೇವೆ ಅಂತ ಎಣ್ಣೆಯ ಬಟ್ಟಲು ಎತ್ತಿಕೊಂಡರು. ಎಪ್ಪತ್ತಾರರ ಕೈ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅರ್ಧ ಎಣ್ಣೆ ತುಳುಕಿತ್ತು.

ನಾತಾನೇಲ ಹಿಂದೆ ಹೋಗಿ ಬಟ್ಟಲು ಇಸಿದುಕೊಂಡ.

ಬಟ್ಟಲು ಇಸಿದುಕೊಳ್ಳುವಾಗ ಅವನಿಗೆ ಒಂದು ವಿಚಾರ ಹೊಳೆಯಿತು. ರೋಮಿನವರಿಗೆ ಪೌಲ ಬರೆದ ಕಾಗದದಲ್ಲೂ ಇದೇ ನಿಕಾವೊ ಬರುತ್ತದಲ್ಲ, ಕೆಟ್ಟದ್ದನ್ನು ಒಳ್ಳೆಯದರಿಂದ ಗೆಲ್ಲು ಅಂತ. ಅದರ ಮೇಲಿನ ಸಾಲಿನಲ್ಲೇ ಇದೆ, ವೈರಿ ಹಸಿದಿದ್ದರೆ ಉಣ್ಣಲು ಕೊಡು, ಅವನ ತಲೆಯ ಮೇಲೆ ಕೆಂಡ ಇಟ್ಟಂತಾಗುತ್ತದೆ ಅಂತ. ಇದೇ ಆ ಗೆಲುವು. ದೇವರು ಚೀಟಿಯ ಉತ್ತರವನ್ನು ಟಂಟಂ ಮೇಲೆ ಹಾಕಿ ಮನೆ ಬಾಗಿಲಿಗೇ ಕಳಿಸಿದ್ದಾನೆ!

ಅವತ್ತಿನಿಂದ ಭರಮಪ್ಪನಿಗೆ ಸಿಕ್ಕಂಥ ಸೇವೆ ಆ ಆಶ್ರಮದಲ್ಲಿ ಯಾರಿಗೂ ಸಿಕ್ಕಿರಲಿಲ್ಲ.

ದಿನಕ್ಕೆ ಎರಡು ಹೊತ್ತು ಎಣ್ಣೆ. ಬೇರೆಯವರಿಗೆ ಒಂದೇ. ನೀರಿಗೆ ಲಕ್ಕಿ ಸೊಪ್ಪು ಹಾಕಿ ಕುದಿಸುತ್ತಿದ್ದ. ರೊಟ್ಟಿಯನ್ನು ಹಾಲಿನಲ್ಲಿ ಮೆತ್ತಗೆ ಮಾಡಿ ತುತ್ತು ತುತ್ತಾಗಿ ಉಣಿಸುತ್ತಿದ್ದ. ಅಣ್ಣಾ ಅನ್ನುತ್ತಿರಲಿಲ್ಲ. "ಭರಮಪ್ಪನವರ, ನೀರು ಬಿಸಿ ಸಾಕೇನ್ರಿ? ಭರಮಪ್ಪನವರ, ಕೈ ನೋಯ್ತೇನ್ರಿ?" ಅಷ್ಟು ಮರ್ಯಾದೆಯನ್ನು ಅವನು ಪಾದ್ರಿಗಳಿಗೂ ಕೊಟ್ಟವನಲ್ಲ.

ಬೇರೆ ರೋಗಿಗಳ ಮನೆಯವರು ಬಂದಾಗ ಬಾಗಿಲು ತೆರೆದಿಟ್ಟುಕೊಂಡೇ ತಿಕ್ಕುತ್ತಿದ್ದ. ಇವನ ಕಾಲು ಮುರಿದವನು ಅವನೇ ಅಂತೆ, ನೋಡು ಹೇಗೆ ಮಾಡುತ್ತಾನೆ, ಮನುಷ್ಯನಲ್ಲ ದೇವರು ಅಂತ ಅವರು ಮಾತಾಡಿಕೊಳ್ಳುತ್ತಿದ್ದರು. ನಾತಾನೇಲನಿಗೂ ಕೇಳಿಸುತ್ತಿತ್ತು, ಭರಮಪ್ಪನಿಗೂ ಕೇಳಿಸುತ್ತಿತ್ತು.

ಇನ್ನೊಂದು ಮಾತು ಮಾರ್ತವ್ವ ಹೇಳಿದ್ದು. ಆ ದಿನಗಳಲ್ಲಿ ನಾತಾನೇಲನ ಕುಂಟು ಸ್ವಲ್ಪ ಹೆಚ್ಚಾಗಿತ್ತಂತೆ. ಬಾವಿಯಿಂದ ಅಡಿಗೆ ಮನೆಯ ತನಕ ಸರಿಯಾಗಿಯೇ ನಡೆಯುತ್ತಿದ್ದ. ಅಡಿಗೆ ಮನೆ ದಾಟಿ ಭರಮಪ್ಪನ ಕೋಣೆಯ ಕಡೆ ತಿರುಗಿದ ಕೂಡಲೇ ಕಾಲು ಎಳೆಯಲು ಶುರು. ಅವನಿಗೇ ಗೊತ್ತಿರಲಿಕ್ಕಿಲ್ಲ ಅಂತ ಆಕೆ ಅನ್ನುತ್ತಾಳೆ. ಗೊತ್ತಿತ್ತು ಅಂತ ನನ್ನ ಗುಮಾನಿ.

ಹನ್ನೊಂದನೆಯ ದಿನ ಅವನು ಚೀಟಿ ಬರೆದ. ಅಡಿಗೆ ಮನೆಗೆ ಹೋದ. ಹಂಚಿನ ಮೇಲೆ ಒಂದು ರೊಟ್ಟಿ ಇತ್ತು, ಮಾರ್ತವ್ವ ಇನ್ನೊಂದು ಬಡಿಯುತ್ತಿದ್ದಳು.

ಗೆಲ್ಲು ಅಂದರೆ ಒಳ್ಳೆಯದು ಮಾಡುತ್ತಾ ಮಾಡುತ್ತಾ ವೈರಿ ತಾನಾಗಿ ತಲೆ ತಗ್ಗಿಸುವ ಹಾಗೆ ಮಾಡುವುದು. ಹೀಗಂತ ಓದಿದ.

ಮಾರ್ತವ್ವನ ಕೈ ನಿಂತಿತು. ಅವನನ್ನೇ ನೋಡುತ್ತಾ ಕೂತಳು. ಎಷ್ಟು ಹೊತ್ತು ಅಂದರೆ, ಹಂಚಿನ ಮೇಲಿನ ರೊಟ್ಟಿಯಿಂದ ಹೊಗೆ ಬಂತು.

"ಆ ಮನಿಶಾ ಮೂರು ದಿನದಿಂದ ಉಣವಲ್ಲ" ಅಂದಳು. "ನೀ ಉಣಿಸಿದ್ದನ್ನ ದವಡ್ಯಾಗ ಇಟಗೊಂಡು, ನೀ ಹೋದ ಮ್ಯಾಲೆ ಕಿಡಕ್ಯಾಗಿಂದ ನಾಯಿಗೆ ಉಗಳತಾನ."

ಆಕೆ ಮುಂದುವರಿಸಿದಳು. ಭರಮಪ್ಪ ಮುಂಜಾನೆಯೇ ಅಜ್ಜಾರಿಗೆ ಹೇಳಿದ್ದಾನೆ, ಮಗಳಿಗೆ ಫೋನ್ ಮಾಡಿಸಿದ್ದಾನೆ, ನಾಳೆ ಮೊದಲ ಬಸ್ಸಿಗೆ ಆಕೆ ಬಂದು ಕರೆದುಕೊಂಡು ಹೋಗುತ್ತಾಳೆ.

ಹೋಗುವುದು ಅಂದರೆ ಏನು ಅಂತ ನಾತಾನೇಲನಿಗೆ ಚೆನ್ನಾಗಿ ಗೊತ್ತಿತ್ತು. ದವಾಖಾನೆಯ ಡಾಕ್ಟರರು ಖಂಡಿತವಾಗಿ ಹೇಳಿದ್ದರು. ಈ ನಲವತ್ತು ದಿನದಲ್ಲಿ ಆದದ್ದೇ ಆದದ್ದು. ಈಗ ಬಿಟ್ಟರೆ ಆ ಕೈ ಜನ್ಮಕ್ಕೂ ಹಾಗೇ. ಭರಮಪ್ಪನ ಮನೆಯಲ್ಲಿ ತಿಕ್ಕುವವರು ಯಾರೂ ಇರಲಿಲ್ಲ, ಮಗಳು ಸಾಲೆಯ ಅಡಿಗೆ ಕೆಲಸಕ್ಕೆ ಹೋಗುವಾಕೆ.

ಅವನು ಅಜ್ಜಾರ ಹತ್ತಿರ ಹೋದ. ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತು ತಮ್ಮ ಧೋತರ ಹಿಂಡುತ್ತಿದ್ದರು. ಯಾಕೆ ಹೋಗುತ್ತಾನಂತೆ ಅಂತ ನಾತಾನೇಲ ಕೇಳಿದ.

ಭರಮಪ್ಪ ಆಡಿದ್ದನ್ನು ಅಜ್ಜಾರು ಒಂದು ಅಕ್ಷರ ಬಿಡದೆ ಹೇಳಿದರು.

"ಆ ಕುಸ್ತಿ ಒಂದ ದಿನಕ್ಕ ಮುಗದಿತ್ತರಿ. ಇಂವ ದಿನಾ ಮುಂಜಾನೆ ಎದ್ದು ನನ್ನ ಚಿತ್ ಮಾಡ್ತಾನ. ಒದರಾಕೂ ಬರಾಂಗಿಲ್ಲ. ಯಾಕಂದ್ರ ಒಳ್ಳೇದ ಮಾಡಾಕತ್ತಾನ."

ನಾತಾನೇಲನಿಗೆ ಸಿಟ್ಟು ಬಂತು. ಹನ್ನೊಂದು ದಿನ ಒಳಗೆ ತಡೆದಿಟ್ಟ ಸಿಟ್ಟು.

"ಇನ್ನೇನ ಮಾಡಲ್ರಿ ನಾ? ಕಾಲು ಮುರದವನ ಮೈ ತಿಕ್ಕಿದೆ. ಉಣಿಸಿದೆ. ಅವನ ಹೊಲಸು ಬಳದೆ. ಒಂದು ಕೆಟ್ಟ ಮಾತು ಆಡಲಿಲ್ಲ. ಸ್ವಾಮಿ ತನ್ನ ಹಿಡಕೊಡಾಂವನ ಕಾಲು ತೊಳದಾ, ನಾನೂ ಅದನ್ನ ಮಾಡೀನಿ. ಇನ್ನೇನ ಉಳದೈತಿ?"

ಅಜ್ಜಾರು ಧೋತರ ಝಾಡಿಸಿದರು. ಎರಡು ಹನಿ ಶಿಷ್ಯನ ಮುಖಕ್ಕೆ ಸಿಡಿದವು.

"ನಿನ್ನ ಮೊಣಕಾಲು ಹ್ಯಾಂಗೈತಿ?"

"ಮೊಣಕಾಲ ಮಾತು ಯಾಕ್ರಿ ಈಗ?"

"ಕೇಳಿದ್ದಕ್ಕ ಹೇಳು. ಯಾರರ ಎಣ್ಣಿ ಹಚ್ಚ್ಯಾರೇನು?"

ಯಾರೂ ಹಚ್ಚಿರಲಿಲ್ಲ. ಒಂಬತ್ತು ವರ್ಷ ಅವನು ಊರವರ ಕೈಕಾಲೆಲ್ಲ ತಿಕ್ಕಿದ್ದ, ತನ್ನ ಮೊಣಕಾಲನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಅಜ್ಜಾರು ಎರಡು ಸಲ ಕೇಳಿ ನೋಡಿ ಸುಮ್ಮನಾಗಿದ್ದರು. ಸ್ನಾನಕ್ಕೂ ಅವನು ಎಲ್ಲರೂ ಏಳುವ ಮೊದಲೇ ಹೊಳೆಗೆ ಇಳಿದು ಬರುತ್ತಿದ್ದ.

"ಪಂಕ್ತಿಯೊಳಗ ಎಲ್ಲಾರ ಕಾಲು ತೊಳದದ್ದು ಖರೆ" ಅಂದರು ಅಜ್ಜಾರು. "ಅದಕ್ಕ ನಾಕೈದು ದಿನ ಮೊದಲ ಏನಾಗಿತ್ತು?"

ನಾತಾನೇಲ ನೆನಪು ಮಾಡಿಕೊಂಡ. ಬೇಥಾನ್ಯದಲ್ಲಿ ಊಟ. ಮಾರ್ಥ ಅನ್ನುವಾಕೆ ಬಡಿಸುತ್ತಿದ್ದಳು. ಆಕೆಯ ತಂಗಿ ಬೆಲೆಬಾಳುವ ಸುಗಂಧದ ಎಣ್ಣೆ ತಂದು ಸ್ವಾಮಿಯ ಕಾಲಿಗೆ ಹಚ್ಚಿ, ತನ್ನ ಕೂದಲಿಂದ ಒರೆಸಿದಳು. ಸುತ್ತ ಕೂತವರು ಗೊಣಗಿದರು.

"ಎಣ್ಣಿ ಹಚ್ಚಾಕ ಬಂದಾಗ ಆತ ಕಾಲು ಹಿಂದಕ ಎಳಕೊಂಡನೇನು?"

ನಾತಾನೇಲ ಪಂಚೆಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡ.

"ನೀ ಒಂಬತ್ತು ವರ್ಷದಿಂದ ಎಳಕೊಂಡ ಕುಂತೀ, ತಮ್ಮಾ."

"ಅವನ ಕೈಯಾಗ ಕಾಲು ಕೊಡಬೇಕೇನ್ರಿ? ಅದನ್ನ ಮುರದಾಂವನ ಕೈಯಾಗ?"

"ನಾ ಹಂಗ ಹೇಳಲಿಲ್ಲ" ಅಂದರು ಅಜ್ಜಾರು. "ನಿನ್ನ ಕಾಲು. ನಿನ್ನ ಇಚ್ಛಾ." ಒದ್ದೆ ಧೋತರ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಹೋದರು.

ನಾತಾನೇಲ ಅಲ್ಲೇ ಕೂತ. ಗುರುವಿನ ಮೇಲೆ ಸಿಟ್ಟು, ಭರಮಪ್ಪನ ಮೇಲೆ ಸಿಟ್ಟು, ಮಾರ್ತವ್ವನ ಮೇಲಂತೂ ಬಹಳ. ಸಿಟ್ಟೆಲ್ಲ ಒಂದೊಂದಾಗಿ ಇಳಿದ ಮೇಲೆ ಕೆಳಗೆ ಒಂದು ಸಣ್ಣ ವಿಷಯ ಉಳಿಯಿತು. ಬೆಲ್ಲ.

ಎರಡು ತಿಂಗಳ ಹಿಂದೆ ಗರಡಿಯ ಕಡೆಯಿಂದ ಬಂದವನೊಬ್ಬ ಭರಮಪ್ಪ ವಸ್ತಾದನಿಗೆ ಲಕ್ವ ಹೊಡೆಯಿತು, ಎಡಗೈ ಹೋಯಿತು ಅಂತ ಸುದ್ದಿ ಹೇಳಿದ್ದ. ನಾತಾನೇಲ ಅಯ್ಯೋ ಪಾಪ ಅಂದಿದ್ದ. ಆಮೇಲೆ ಅಡಿಗೆ ಮನೆಯ ಡಬ್ಬಿಯಿಂದ ಒಂದು ಹೆಂಟೆ ಬೆಲ್ಲ ತೆಗೆದುಕೊಂಡು ದನದ ಕೊಟ್ಟಿಗೆಯ ಹಿಂದೆ ಹೋಗಿ, ಒಬ್ಬನೇ ನಿಂತು ಪೂರ್ತಿ ತಿಂದಿದ್ದ. ಸಂತೋಷಕ್ಕೆ. ಅಷ್ಟು ಸಿಹಿ ಬೆಲ್ಲ ಅವನು ಯಾವತ್ತೂ ತಿಂದಿರಲಿಲ್ಲ.

ಬೆಲ್ಲ ಕಡಿಮೆಯಾದದ್ದನ್ನು ನೋಡಿ ಮಾರ್ತವ್ವ ಇಲಿಗೆ ಬೋನು ಇಟ್ಟಿದ್ದಳು. ಅವತ್ತಿನಿಂದ ಇಡುತ್ತಲೇ ಇದ್ದಳು. ಇಲಿ ಬಿದ್ದಿರಲಿಲ್ಲ.

ಈ ವಿಷಯ ಅವನಿಗೆ ಮರೆತೇ ಹೋಗಿತ್ತು ಅಂತಲ್ಲ. ಮರೆತಂತೆ ಇಟ್ಟುಕೊಂಡಿದ್ದ. ಅದರ ಮೇಲೆ ಹನ್ನೊಂದು ದಿನದ ಸೇವೆ ಹೇರಿದ್ದ. ಈಗ ನಾಚಿಕೆಯಾಯಿತು. ಎದ್ದು ಹೋಗಿ ಭರಮಪ್ಪನಿಗೆ ಹೇಳಿಬಿಡಬೇಕು ಅಂದುಕೊಂಡ, ಏಳಲಿಲ್ಲ. ಹೇಳಿದರೆ ತಾನು ಕೆಳಗೆ, ಅವನು ಮೇಲೆ. ಒಂಬತ್ತು ವರ್ಷದಲ್ಲಿ ಇದೊಂದು ಸಲ ಮೇಲಿದ್ದದ್ದು ತಾನು.

ಆ ದಿನ ಏಳಲೇ ಇಲ್ಲ ಅನ್ನಿ.

ಮರುದಿನ ಮುಂಜಾನೆ ಏಳರ ಬಸ್ಸಿಗೆ, ಅವತ್ತು ಟಂಟಂನಲ್ಲಿ ಕರೆತಂದಿದ್ದ ಮಗಳು ಗಂಗವ್ವ ಬಂದಳು. ಎಂಟೂವರೆಗೆ ಅದೇ ಬಸ್ಸು ತಿರುಗಿ ಹೋಗುತ್ತದೆ. ತಂದೆಯ ಎರಡು ಅಂಗಿ, ಒಂದು ಕಂಬಳಿ ಗಂಟು ಕಟ್ಟಿದಳು. ಭರಮಪ್ಪ ಗೋಡೆಗೆ ಒರಗಿ ಕೂತಿದ್ದ. ಬಾಗಿಲಲ್ಲಿ ಮಾರ್ತವ್ವ ಬುತ್ತಿ ಹಿಡಿದು ನಿಂತಿದ್ದಳು.

ನಾತಾನೇಲ ಎಣ್ಣೆಯ ಬಟ್ಟಲು ಹಿಡಿದು ಒಳಗೆ ಬಂದ.

ಇವತ್ತು ಬೇಡ, ಹೊರಡುವ ಹೊತ್ತಾಯಿತು ಅಂದ ಭರಮಪ್ಪ, ಗೋಡೆಯ ಕಡೆ ನೋಡುತ್ತಾ.

ನಾತಾನೇಲ ಬಟ್ಟಲನ್ನು ಭರಮಪ್ಪನ ಬಲಗೈಯ ಹತ್ತಿರ ಇಟ್ಟ. ಆಮೇಲೆ ಅವನ ಮುಂದೆಯೇ ಚಾಪೆಯ ಮೇಲೆ ಅಂಗಾತ ಮಲಗಿದ. ಪಂಚೆ ಮೇಲೆ ಸರಿಸಿದ. ಆ ಮೊಣಕಾಲನ್ನು ಮಾರ್ತವ್ವ ಅವತ್ತೇ ಮೊದಲು ನೋಡಿದ್ದು. ಚಿಪ್ಪು ಒಂದು ಕಡೆ ಜಾರಿತ್ತು, ಸುತ್ತ ಕಪ್ಪು ಕಲೆ ಇತ್ತು, ತೊಡೆ ಬಡವಾಗಿತ್ತು.

"ಅಣ್ಣಾ, ಇದನ್ನ ಸ್ವಲ್ಪ ನೋಡು" ಅಂದ.

ಭರಮಪ್ಪ ನೋಡಲಿಲ್ಲ.

"ನಿನಗ ಲಕ್ವ ಹೊಡೀತಂತ ಸುದ್ದಿ ಬಂದ ದಿವಸ ನಾ ಕೊಟ್ಟಿಗಿ ಹಿಂದ ನಿಂತು ಬೆಲ್ಲಾ ತಿಂದೀನಿ. ಖುಷಿಗೆ. ಈ ಹನ್ನೊಂದು ದಿನ ನಿನಗ ಎಣ್ಣಿ ಹಚ್ಚಿದ್ದೂ ಅದ ಖುಷಿಗೆ."

ಗಂಗವ್ವ ಗಂಟಿನ ಮೇಲೆ ಕೈ ಇಟ್ಟು ಹಾಗೇ ಕೂತಳು. ಭರಮಪ್ಪ ನಿಧಾನವಾಗಿ ಗೋಡೆಯಿಂದ ಮುಖ ತಿರುಗಿಸಿದ.

"ಎಷ್ಟು ತಿಂದಿ?"

"ಒಂದು ಹೆಂಟಿ."

"ಒಬ್ಬನ?"

"ಒಬ್ಬನ."

ಭರಮಪ್ಪನ ಎಳೆದ ಬಾಯಿ ಇನ್ನಷ್ಟು ಎಳೆಯಿತು. ನಕ್ಕನೋ ಏನೋ, ಆ ಬಾಯಲ್ಲಿ ಗೊತ್ತಾಗುತ್ತಿರಲಿಲ್ಲ. ಅವನ ಕಣ್ಣು ಮೊಣಕಾಲಿನ ಮೇಲೆ ಬಿತ್ತು. ಅಲ್ಲೇ ನಿಂತಿತು. ವಸ್ತಾದನ ಕಣ್ಣು, ಎಲ್ಲಿ ಏನು ಮುರಿದಿದೆ ಅಂತ ಹೊರಗಿಂದಲೇ ಓದಬಲ್ಲದು.

ಬಲಗೈಯನ್ನು ಎಣ್ಣೆಯಲ್ಲಿ ಅದ್ದಿದ. ಮೊಣಕಾಲಿನ ಮೇಲೆ ಇಟ್ಟ. ಇಟ್ಟ ಕೈ ಅಲ್ಲಾಡಲಿಲ್ಲ.

"ಸೀಟಿ ಕೇಳಿಸಿತ್ತು, ನಾತ್ಯಾ" ಅಂದ.

ಬಾಗಿಲಲ್ಲಿದ್ದ ಮಾರ್ತವ್ವ ಬುತ್ತಿ ಕೆಳಗಿಟ್ಟಳು.

"ಎಲ್ಲಾರ ಮುಂದ ಕೇಳಿಸಲಿಲ್ಲ ಅಂದೆ. ಕೇಳಿಸಿತ್ತು. ಆ ಗದಾ ಮಂಚದ ಕೆಳಗ ಒಗದೀನಿ. ಒಮ್ಮಿನೂ ಹೊರಗ ತಗದಿಲ್ಲ. ಕೇಳು ಬೇಕಾದ್ರ, ಇಕಿನ್ನ."

ಗಂಗವ್ವ ತಲೆಯಾಡಿಸಿದಳು. ಆಕೆಯ ಕಣ್ಣಲ್ಲಿ ನೀರು ಬಂದಿತ್ತು. ತಂದೆ ಯಾಕೆ ಆ ಗದೆಯನ್ನು ಒರೆಸಗೊಡುವುದಿಲ್ಲ ಅಂತ ಆಕೆಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ಈ ಒಂದು ಮಾತಿಗೆ ನಾತಾನೇಲ ಒಂಬತ್ತು ವರ್ಷ ಕಾದಿದ್ದ. ಅದು ಬಂದ ದಿನ ಎದ್ದು ನಿಲ್ಲುತ್ತೇನೆ, ನಾಲ್ಕು ಜನರನ್ನು ಕರೆದು ಕೇಳಿಸುತ್ತೇನೆ, ಅವನ ಮುಖಕ್ಕೆ ಏನೇನೋ ಅನ್ನುತ್ತೇನೆ ಅಂತ ಎಷ್ಟೋ ಸಲ ಮನಸ್ಸಿನಲ್ಲಿ ಆಡಿಕೊಂಡಿದ್ದ. ಕೇಳುವ ಜನವೂ ಇಬ್ಬರು ಅಲ್ಲೇ ಇದ್ದರು.

ಅವನು ಮಲಗಿಯೇ ಇದ್ದ.

"ಅಲ್ಲೆ ಅಲ್ಲ ಅಣ್ಣಾ, ಸ್ವಲ್ಪ ಒಳಗ" ಅಂದ. "ಹಾಂ, ಅಲ್ಲೆ ನೋಯ್ತೈತಿ."

ಭರಮಪ್ಪ ತಿಕ್ಕಲು ಶುರು ಮಾಡಿದ. ಒಂದು ಕೈಯಿಂದ ಮೊಣಕಾಲು ತಿಕ್ಕಲು ಬರುವುದಿಲ್ಲ, ಇನ್ನೊಂದು ಕೈ ಕೆಳಗಿಂದ ಹಿಡಿದಿರಬೇಕು. ಸ್ವಲ್ಪ ಹೊತ್ತು ಒದ್ದಾಡಿದ. ಆಮೇಲೆ ಬಲಗೈಯಿಂದ ತನ್ನ ಎಡಗೈಯನ್ನು ಎತ್ತಿ, ಸಾಮಾನು ಎತ್ತಿಟ್ಟ ಹಾಗೆ, ನಾತಾನೇಲನ ಕಾಲಿನ ಕೆಳಗೆ ಇಟ್ಟ.

ತಿಕ್ಕುತ್ತಿರುವಾಗ ಕೆಳಗಿನ ಹೆಬ್ಬೆರಳು ಒಮ್ಮೆ ಒತ್ತಿದ ಹಾಗೆ ನಾತಾನೇಲನಿಗೆ ಅನಿಸಿತು. ಕೈಯ ಭಾರವೇ ಇದ್ದೀತು.

ರಸ್ತೆಯ ಮೇಲೆ ಬಸ್ಸು ಹಾರ್ನ್ ಹಾಕಿತು. ಮತ್ತೊಮ್ಮೆ ಹಾಕಿತು. ಮಾರ್ತವ್ವ ಬಾಗಿಲು ಬಿಟ್ಟು ಕದಲಲಿಲ್ಲ. ಬಸ್ಸು ಹೋಯಿತು.

ಗಂಗವ್ವ ಗಂಟು ಬಿಚ್ಚಿ ಅಂಗಿಗಳನ್ನು ಮತ್ತೆ ಗೂಟಕ್ಕೆ ಹಾಕಿದಳು. ಭರಮಪ್ಪ ಹಸಿವಾಗುತ್ತದೆ ಅಂದ. ಬುತ್ತಿಯನ್ನು ಅಲ್ಲೇ ಬಿಚ್ಚಿದರು. ನಾತಾನೇಲ ತುತ್ತು ಮಾಡಿಕೊಡಲು ಹೋದಾಗ ನಾನೇ ಉಣ್ಣುತ್ತೇನೆ ತಗಿ ಅಂದ. ಬಲಗೈ ಇತ್ತಲ್ಲ. ಹನ್ನೊಂದು ದಿನ ಅದನ್ನು ಯಾರೂ ಯೋಚಿಸಿರಲಿಲ್ಲ.

ಆಮೇಲಿನ ಇಪ್ಪತ್ತೆಂಟು ದಿನ ಆ ಕೋಣೆಯಲ್ಲಿ ಎರಡು ಹೊತ್ತು ಎಣ್ಣೆ ನಡೆಯಿತು. ಮುಂಜಾನೆ ಭರಮಪ್ಪನಿಗೆ, ಸಂಜೆ ನಾತಾನೇಲನಿಗೆ. ಇಬ್ಬರೂ ಬಾಗಿಲು ಹಾಕಿಕೊಂಡು ತಿಕ್ಕುತ್ತಿದ್ದರು. ಒಳಗಿಂದ ಹಳೆಯ ಪಟ್ಟುಗಳ ಮಾತು, ಬೈಗುಳ, ಒಮ್ಮೊಮ್ಮೆ ಜಗಳ ಕೇಳಿಸುತ್ತಿತ್ತು. ಒಂದು ದಿನ ಭರಮಪ್ಪನವರೇ ಅನ್ನು ನೋಡೋಣ ಅಂತ ಭರಮಪ್ಪ ಕೆಣಕಿದ್ದೂ, ನಾತಾನೇಲ ಎಣ್ಣೆಯ ಬಟ್ಟೆ ಎಸೆದದ್ದೂ ಕೇಳಿಸಿತಂತೆ.

ಇಲಿಯ ಬೋನನ್ನು ಮಾರ್ತವ್ವ ಅಟ್ಟಕ್ಕೆ ಹಾಕಿದಳು.

ಅದಿರಲಿ, ಬಸ್ಸು ಹೋದ ದಿನ ಸಂಜೆ ನಾತಾನೇಲ ಬೇವಿನ ಮರದ ಕೆಳಗೆ ಬಂದ. ಅಜ್ಜಾರು ಚೀಟಿಗಳ ಪೆಟ್ಟಿಗೆ ಮುಂದಿಟ್ಟುಕೊಂಡು, ಗೆದ್ದಲು ಬಿದ್ದಿದೆಯೋ ಅಂತ ಒಂದೊಂದೇ ತೆಗೆದು ನೋಡುತ್ತಿದ್ದರು. ಅವನು ನಿಕಾವೊದ ಚೀಟಿಯನ್ನು ಅವರ ಮುಂದೆ ಇಟ್ಟ. ಮೊದಲು ಬರೆದದ್ದು, ಆಮೇಲೆ ಬರೆದದ್ದು, ಎರಡನ್ನೂ ಹೊಡೆದು ಹಾಕಿದ್ದ.

ತನ್ನಿಂದ ಬರೆಯಲಾಗುವುದಿಲ್ಲ ಅಂದ. ಬೇರೆ ಮಾತು ಕೊಡಿ ಅಂತ ಕೇಳಿದ.

ಅಜ್ಜಾರು ಚೀಟಿ ನೋಡಲಿಲ್ಲ.

"ಇವತ್ತ ಮುಂಜಾನೆ ಬೆನ್ನು ನೆಲಕ್ಕ ಹತ್ತಿದ್ದು ಯಾರದು?"

"ನಂದರಿ."

"ಮತ್ತ ಗೆದ್ದಾಂವ ಭರಮಪ್ಪ?"

ನಾತಾನೇಲ ವಿಚಾರ ಮಾಡಿದ. ಹೌದು ಅನ್ನಲು ಬಾಯಿ ತೆರೆದ, ಅನ್ನಲಿಲ್ಲ. ಅಲ್ಲ ಅನ್ನಲೂ ಆಗಲಿಲ್ಲ. ಕೊನೆಗೆ ಇದ್ದದ್ದನ್ನು ಹೇಳಿದ.

"ಯಾರು ಗೆದ್ದರು ಅಂತ ನೋಡೂದ ಮರತೆರಿ, ಅಜ್ಜಾರ."

ಅಜ್ಜಾರು ಪೆಟ್ಟಿಗೆಯಿಂದ ಹೊಸ ಚೀಟಿ ತೆಗೆದರು. ಕಿಸೆಯಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿ ಅವನ ಕೈಗೆ ಕೊಟ್ಟರು.

"ಹಂಗಾದ್ರ ಈಗ ಬರಿ" ಅಂದರು. "ಮಾರ್ತವ್ವಗ ಓದಿ ಹೇಳೂದೇನ ಬ್ಯಾಡ. ಆಕಿ ಬಾಗಲದಾಗ ನಿಂತು ನೋಡ್ಯಾಳ."